ಮುಲುಂಡ್ ಟೆರೇಸಲ್ಲಿ ಸೂರ್ಯನ್ನೇ ಹಿಂಬಾಲಿಸೋ ಗಡಿಯಾರ: ನನ್ನ ಅನುಭವ

ಟೈಮ್ ಸೂರ್ಯನಿಂದ್ಲೇ ಬರ್ಬೇಕು, ಒಳಗೆ ಆರ್‌ಟಿಸಿ ಚಿಪ್ (ತಾನೇ ಟೈಮ್ ಲೆಕ್ಕ ಇಡೋ ಚಿಪ್) ಇಡಲ್ಲ ಅಂತ ಮೊದ್ಲೇ ತೀರ್ಮಾನ ಮಾಡಿದ್ದೆ. ಹಾಗಾಗಿ ಈ ಗಡಿಯಾರ ಐಎಸ್‌ಟಿಗಿಂತ, ಅಂದ್ರೆ ಇಡೀ ಭಾರತದ ಅಧಿಕೃತ ಟೈಮ್‌ಗಿಂತ, ಸರಾಸರಿ 38 ನಿಮಿಷ ಹಿಂದೆ ಇರುತ್ತೆ, ಯಾಕಂದ್ರೆ ಐಎಸ್‌ಟಿ ಲೆಕ್ಕ 82.5 ಡಿಗ್ರಿ ರೇಖಾಂಶದ್ದು, ನಾವಿರೋ ಮುಂಬೈನ ಮುಲುಂಡ್ 73ರ ಹತ್ರ. ಸೂರ್ಯನೂ ವರ್ಷವಿಡೀ ಒಂದೇ ಲೆಕ್ಕದಲ್ಲಿ ನಡೆಯಲ್ವಲ್ಲ, ನವೆಂಬರ್ ಶುರುನಲ್ಲಿ ವ್ಯತ್ಯಾಸ ಸುಮಾರು 22 ನಿಮಿಷಕ್ಕೆ ಇಳಿಯುತ್ತೆ, ಫೆಬ್ರವರಿ ಮಧ್ಯಕ್ಕೆ 52ಕ್ಕೆ ಏರುತ್ತೆ. ಇದನ್ನ ತಿದ್ದೋಕೆ ನಂಗೆ ಇಷ್ಟ ಇಲ್ಲ. 1955ರ ತನಕ ಈ ಊರು ಐಎಸ್‌ಟಿಗಿಂತ 39 ನಿಮಿಷ ಹಿಂದಿನ ಬಾಂಬೆ ಟೈಮ್ ಇಟ್ಕೊಂಡೇ ಬಾಳಿದೆ!

ಸೂರ್ಯನ ಜೊತೆ ತಿರುಗೋ ಅಕ್ಷ ಉತ್ತರಕ್ಕೆ ಮುಖ ಮಾಡಿ 19 ಡಿಗ್ರಿ ಮೇಲಕ್ಕೆ ಎದ್ದಿದೆ, ಮುಂಬೈ ಅಕ್ಷಾಂಶ ಅಷ್ಟೇ. ಸೂರ್ಯ ಗಂಟೆಗೆ 15 ಡಿಗ್ರಿ ಸರೀತಾನೆ, ಅಕ್ಷ ಎಷ್ಟು ತಿರುಗಿದೆ ಅಂತ ಓದಿದ್ರೆ ಅದೇ ಟೈಮ್. ಮೇ ಮಧ್ಯಕ್ಕೊಮ್ಮೆ ಜುಲೈ ಕೊನೆಗೊಮ್ಮೆ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಆಗ ಅಡ್ಡ ತಿರುಗೋಕೊಂದು, ಮೇಲೆ-ಕೆಳಗೆ ಆಡೋಕೊಂದು ಅಂತ ಎರಡು ಮೋಟಾರ್ ಇರೋ ಟ್ರ್ಯಾಕರ್ ಒಮ್ಮೆಗೇ ಗರಗರ ತಿರುಗ್ಬೇಕಾಗುತ್ತೆ, ಇದಕ್ಕೆ ಆ ತಾಪತ್ರಯ ಇಲ್ಲ, ಒಂದೇ ಮೋಟಾರ್ ಸಾಕು.

ಉತ್ತರ ಹುಡುಕೋಕೆ ಫೋನ್ ಕಂಪಾಸ್ ನಂಬ್ಬೇಡಿ, ಸ್ಲ್ಯಾಬ್ ಒಳಗಿನ ಕಬ್ಬಿಣ ಅದನ್ನ ಕೆಡಿಸುತ್ತೆ. ನಮ್ಮ ಹಳೇ ಶಂಕು ಪದ್ಧತಿನೇ ವಾಸಿ: ನೆಟ್ಟಗೆ ಕಡ್ಡಿ ನಿಲ್ಸಿ, ಸುತ್ತ ಚಾಕ್‌ಪೀಸಲ್ಲಿ ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ಒಳಗೆ ಬರೋ ಜಾಗ ಮತ್ತೆ ಮಧ್ಯಾಹ್ನದ ಮೇಲೆ ಹೊರಗೆ ಹೋಗೋ ಜಾಗ ಸೇರಿಸಿದ್ರೆ ಪೂರ್ವ-ಪಶ್ಚಿಮ ಗೆರೆ ಸಿಗುತ್ತೆ, ಅದಕ್ಕೆ ಲಂಬವಾಗಿ ಎಳೆದ್ರೆ ಉತ್ತರ.

ಸೆನ್ಸರ್ ಅಂದ್ರೆ ಎರಡು ಎಲ್‌ಡಿಆರ್ (ಬೆಳಕು ಹೆಚ್ಚಾದಷ್ಟೂ ರೆಸಿಸ್ಟೆನ್ಸ್ ಇಳಿಯೋ ಬಿಡಿಭಾಗ), ನಡುವೆ ಕಪ್ಪು ಗೋಡೆ. ಒಂದರ ಮೇಲೆ ನೆರಳು ಬಿದ್ರೆ ಎನ್20 ಅನ್ನೋ ಪುಟ್ಟ ಗೇರ್ ಮೋಟಾರ್ ಬೆಳಕಿನ ಕಡೆಗೆ ಚೂರು ಜರುಗಿಸುತ್ತೆ. ಎಲ್ಲಾ ಸರ್ಕ್ಯೂಟಲ್ಲೂ ಕಾಣೋ 10ಕೆ (10,000 ಓಮ್) ರೆಸಿಸ್ಟರ್ ಇಲ್ಲಿ ಹಾಕ್ಬೇಡಿ, ನೇರ ಬಿಸಿಲಿಗೆ ಎಲ್‌ಡಿಆರ್ ರೆಸಿಸ್ಟೆನ್ಸ್ ಪಾತಾಳಕ್ಕೆ ಇಳಿದು ಎರಡೂ ರೀಡಿಂಗ್ ಒಂದೇ ಥರ ತುದಿಗೆ ಹೋಗಿ ನಿಲ್ಲುತ್ತೆ. ನಾನು 470 ಓಮ್ ಹಾಕಿ ಮೇಲೆ ಬಟರ್ ಪೇಪರ್ ಅಂಟಿಸಿದೀನಿ. ಕೋನ ಓದೋಕೆ ಎಎಸ್5600 ಅನ್ನೋ ಎನ್‌ಕೋಡರ್ ಚಿಪ್, ಅಕ್ಷದ ತುದಿಯ ಪುಟ್ಟ ಮ್ಯಾಗ್ನೆಟ್ ನೋಡಿ ಒಂದು ಸುತ್ತನ್ನ 4096 ಭಾಗ ಮಾಡುತ್ತೆ, ಒಂದೊಂದು ಭಾಗಕ್ಕೆ ಸುಮಾರು 21 ಸೆಕೆಂಡ್. ಸೂರ್ಯನ ಬಿಂಬವೇ ಅರ್ಧ ಡಿಗ್ರಿ ಅಗಲ, ಅಂದ್ರೆ 2 ನಿಮಿಷ, ಹಾಗಾಗಿ ನೆರಳಿನ ಅಂಚೇ ಮಸುಕು, ಇದಕ್ಕಿಂತ ಸೂಕ್ಷ್ಮ ಎನ್‌ಕೋಡರ್‌ಗೆ ದುಡ್ಡು ಸುರಿಯೋದು ದಂಡ.

ಇವೆಲ್ಲಾ ಮುಂಬೈನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಲ್ಲಿ ಸಿಕ್ತು. ಕರೆಂಟಿಗೆ 6 ವೋಲ್ಟ್ ಸೋಲಾರ್ ಪ್ಯಾನೆಲ್, ಟಿಪಿ4056 ಚಾರ್ಜಿಂಗ್ ಬೋರ್ಡ್, ಒಂದು 18650 ಲಿಥಿಯಂ ಸೆಲ್. ಕಂಟ್ರೋಲರ್ ನಿಮಿಷಕ್ಕೊಮ್ಮೆ ಎದ್ದು ನೋಡಿ ಮತ್ತೆ ಮಲಗುತ್ತೆ, ಕತ್ತಲಾದ್ಮೇಲೆ ಪೂರ್ವಕ್ಕೆ ತಿರುಗಿ ಕಾಯುತ್ತೆ. ಮೋಡ ಕವಿದ್ರೆ ಮೋಟಾರ್ ಅಲ್ಲಾಡಲ್ಲ, ಡಿಸ್‌ಪ್ಲೇ ಖಾಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹಳ ದಿನ ಹಾಗೇ ಇರುತ್ತೆ, ಬಿಸಿಲು ಇಣುಕಿದಾಗ ಮಾತ್ರ ಟೈಮ್ ಹೇಳುತ್ತೆ.