ಮೂಲನಿವಾಸಿ ಭಾಷೆಯ ಧ್ವನಿಯನ್ನು ಎಐಗೆ ಕಲಿಸುವ ಮುನ್ನ

ಮಾತು ಗುರುತಿಸುವ ಮಾಡೆಲ್, ಅಂದರೆ ಆಡಿದ ಮಾತನ್ನು ಕೇಳಿ ಬರಹವಾಗಿಸುವ ಎಐ, ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ರೆಕಾರ್ಡರ್ ಹಿಡಿಯುತ್ತಾರೆ, ಒಪ್ಪಂದದ ಮಾತು ಆಮೇಲೆ ಬರುತ್ತದೆ. ಮೂಲನಿವಾಸಿ ಸಮುದಾಯದ ಭಾಷೆಯಾದರೆ ಇದು ಅನ್ಯಾಯ. ಧ್ವನಿ ಒಮ್ಮೆ ಮಾಡೆಲ್ಲಿನೊಳಗೆ ಸೇರಿತೆಂದರೆ ಅದೊಂದನ್ನೇ ಹೆಕ್ಕಿ ತೆಗೆಯುವ ನಂಬಿಕಸ್ಥ ವಿಧಾನ ಇನ್ನೂ ಇಲ್ಲ. ಫೈಲ್ ಅಳಿಸಿದರೂ ಕಲಿತದ್ದು ಉಳಿಯುತ್ತದೆ.

'ಹೌದು' ಅಥವಾ 'ಬೇಡ' ಎನ್ನುವ ಅಧಿಕಾರ ಯಾರದೆಂದು ಮೊದಲು ಕೇಳಿಕೊಳ್ಳಿ. ಹಾಡೊಂದನ್ನು ರೆಕಾರ್ಡ್ ಮಾಡುವಾಗ ಹಾಡಿದವರ ಸಹಿಯಷ್ಟೇ ಸಾಲದು. ಹಾಡು ಕುಲದ್ದಾಗಿದ್ದರೆ ಕುಲದ ಹಿರಿಯರೂ ಒಪ್ಪಬೇಕು. ತಮ್ಮ ಸಾಂಪ್ರದಾಯಿಕ ಜ್ಞಾನದ ಮೇಲಿನ ಹಿಡಿತ ಮೂಲನಿವಾಸಿಗಳ ಹಕ್ಕು ಎಂದು ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆ ಘೋಷಣೆಯ 31ನೇ ವಿಧಿ ಹೇಳುತ್ತದೆ.

ಒಪ್ಪಿಗೆ ಪತ್ರದಲ್ಲಿ ಒಂದೇ ಟಿಕ್ ಗುರುತು ಇಡಬೇಡಿ. ಸಂಗ್ರಹದಲ್ಲಿ ಇಡಬಹುದೇ, ಮಾಡೆಲ್‌ಗೆ ಕಲಿಸಬಹುದೇ, ಹೊರಗಿನವರಿಗೆ ಕೊಡಬಹುದೇ, ಇದರಿಂದ ಹಣ ಮಾಡಬಹುದೇ, ಈ ದನಿಯನ್ನು ಅನುಕರಿಸಬಹುದೇ ಎಂದು ಬೇರೆ ಬೇರೆಯಾಗಿ ಕೇಳಿ. ಕೊನೆಯದನ್ನು ಎಂದೂ ಬಿಡಬೇಡಿ; ತನ್ನ ಮಾತನ್ನು ಯಂತ್ರ ಗುರುತಿಸಲಿ ಎಂದವರು ತನ್ನ ದನಿಯಲ್ಲೇ ಅದು ಮಾತಾಡಲಿ ಎಂದಿಲ್ಲ.

ಲೈಸೆನ್ಸ್ ವಿಷಯದಲ್ಲಿ ಅವಸರ ಬೇಡ. ಕೃತಿಯನ್ನು ಯಾರು ಬೇಕಾದರೂ ಷರತ್ತಿನ ಮೇಲೆ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಒಮ್ಮೆ ಕೊಟ್ಟರೆ ಹಿಂಪಡೆಯಲಾಗದು. ನ್ಯೂಜಿಲೆಂಡಿನ ಮಾವೊರಿ ಸಂಸ್ಥೆ ತೆ ಹಿಕು ಮೀಡಿಯಾ 2018ರಲ್ಲಿ ಹತ್ತೇ ದಿನಗಳಲ್ಲಿ 300 ಗಂಟೆಗೂ ಹೆಚ್ಚು ಧ್ವನಿ ಸಂಗ್ರಹಿಸಿತು. ಜನ ದನಿ ಕೊಟ್ಟದ್ದು ತಮ್ಮವರೇ ನಡೆಸುವ ಸಂಸ್ಥೆಗೆ. ಅದು ಡೇಟಾವನ್ನು ಮಾರಲಿಲ್ಲ, ಪಾಲಕತ್ವದ ಮಾವೊರಿ ಕಲ್ಪನೆಯ ಮೇಲೆ ತನ್ನದೇ ಲೈಸೆನ್ಸ್ ಬರೆದುಕೊಂಡಿತು. ಅನುಸರಿಸಲು ಇದಕ್ಕಿಂತ ಒಳ್ಳೆಯ ಮಾದರಿ ನಮಗೆ ಕಂಡಿಲ್ಲ.

ಮೂಲ ರೆಕಾರ್ಡಿಂಗ್ 48 ಕಿಲೋಹರ್ಟ್ಸ್‌ನಲ್ಲಿರಲಿ, ಅಂದರೆ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದದ್ದು. ತರಬೇತಿಗೆ 16 ಕಿಲೋಹರ್ಟ್ಸ್, 16 ಬಿಟ್, ಮೋನೋ (ಒಂದೇ ಚಾನೆಲ್‌ನ) ಪ್ರತಿ ಸಾಕು. ಗಂಟೆಗೆ ಸುಮಾರು 115 ಎಂಬಿ. ಮೂಲ ಪ್ರತಿ ಸಮುದಾಯದ ಡಿಸ್ಕ್‌ನಲ್ಲೇ ಉಳಿಯಲಿ, ನಿಮ್ಮ ಬಳಿ ಇರುವುದು ಎರವಲು. ಪ್ರತಿ ಫೈಲಿಗೂ ಮಾತಾಡಿದವರ ಗುರುತುಸಂಖ್ಯೆ, ಯಾವುದಕ್ಕೆಲ್ಲ ಒಪ್ಪಿಗೆ, ಯಾರು ಯಾವಾಗ ಕೇಳಬಾರದು ಎಂಬ ಕಾಲಂಗಳು ಇರಬೇಕು. ಆಸ್ಟ್ರೇಲಿಯಾದ ಹಲವು ಆದಿವಾಸಿ ಸಮುದಾಯಗಳಲ್ಲಿ ತೀರಿಕೊಂಡವರ ದನಿ ಕೇಳಿಸುವುದಕ್ಕೆ ನಿರ್ಬಂಧವಿದೆ. ಆ ಕಾಲಂ ಇಲ್ಲದ ಪಟ್ಟಿ ಅಲ್ಲಿನವರ ಮನಸ್ಸನ್ನು ನೋಯಿಸುತ್ತದೆ. ಕಾಲಂ ಖಾಲಿಯಿದ್ದರೆ 'ಬಳಸುವಂತಿಲ್ಲ' ಎಂದೇ ತಿಳಿಯಿರಿ.

ಬರಹಕ್ಕಿಳಿಸುವ ಕೆಲಸ ಭಾಷಿಕರದೇ, ಸಂಬಳ ಕೊಟ್ಟು. ಹೊರಗಿನವರು ಒಳನುಡಿಗಳನ್ನು 'ತಿದ್ದಿ'ಬಿಡುತ್ತಾರೆ, ಮಾಡೆಲ್ ಆಮೇಲೆ ಆ ನುಡಿಯವರನ್ನೇ ತಪ್ಪಾಗಿ ಕೇಳಿಸಿಕೊಳ್ಳುತ್ತದೆ. ಬಿಟ್ಟಿ ಆನ್‌ಲೈನ್ ಸೇವೆಗಳಿಗೆ ಆಡಿಯೊ ಹಾಕಬೇಡಿ, ಏರಿಸಿದ್ದನ್ನು ತಮ್ಮ ತರಬೇತಿಗೆ ಬಳಸುವ ಷರತ್ತು ಅಲ್ಲಿ ಇರಬಹುದು. ಮಾಡೆಲ್ಲಿನ ಪರೀಕ್ಷೆಗೆಂದು ಒಂದಷ್ಟು ಆಡಿಯೊ ತೆಗೆದಿಡುವಾಗ ತುಣುಕುಗಳನ್ನಲ್ಲ, ವ್ಯಕ್ತಿಗಳನ್ನು ಬೇರೆ ಮಾಡಿ. ಒಬ್ಬರದೇ ದನಿ ತರಬೇತಿ, ಪರೀಕ್ಷೆ ಎರಡೂ ಕಡೆ ಇದ್ದರೆ ಅಂಕ ಸುಳ್ಳೇ ಏರುತ್ತದೆ.

ಮಾಡೆಲ್ಲಿನ ಯಾವ ಆವೃತ್ತಿಗೆ ಯಾವ ಫೈಲ್‌ಗಳು ಹೋದವು ಎಂಬ ಪಟ್ಟಿ ಇಡಿ. ಯಾರಾದರೂ ಒಪ್ಪಿಗೆ ಹಿಂಪಡೆದರೆ ಅವರ ಫೈಲ್‌ಗಳನ್ನು ಬಿಟ್ಟು ಮಾಡೆಲ್‌ಗೆ ಮತ್ತೆ ಮೊದಲಿನಿಂದ ಕಲಿಸಬೇಕು, ಹಳೆಯ ಆವೃತ್ತಿಯನ್ನು ಬಳಕೆಯಿಂದ ತೆಗೆಯಬೇಕು. ಅದಕ್ಕೆ ತಗಲುವ ಖರ್ಚನ್ನು ಯೋಜನೆಯ ಬಜೆಟ್ಟಿನಲ್ಲಿ ಮೊದಲೇ ತೆಗೆದಿಡಿ.