ಮೂರು ಡ್ರೈವ್, ಒಂದೇ ಮ್ಯಾಪ್ ಫೈಲ್: ಗೀರು ಬಿದ್ದ ಮದುವೆ ಡಿವಿಡಿ ಉಳಿಸಿಕೊಂಡಿದ್ದು

ಅಕ್ಕನ ಮದುವೆ ಆಗಿದ್ದು 2009ರಲ್ಲಿ. ವಿಡಿಯೊದವರು ನಾಲ್ಕು ಡಿವಿಡಿ ಕೊಟ್ಟಿದ್ದರು. ಮೂರಕ್ಕೆ ಏನೂ ಆಗಿರಲಿಲ್ಲ. ಧಾರೆ ಇರುವ ಎರಡನೇ ಡಿಸ್ಕನ್ನು ಮಾತ್ರ ಮನೆ ಮಕ್ಕಳು ಕೆಂಪು ನೆಲದ ಮೇಲೆ ಬುಗುರಿ ಥರ ತಿರುಗಿಸಿ ಆಡಿದ್ದರು. ನಮ್ಮ ತಾತ ಮಾತಾಡುವ ದೃಶ್ಯ ಇರುವುದು ಅದೊಂದರಲ್ಲೇ. ಮದುವೆಯಾದ ಮುಂದಿನ ವರ್ಷ ಅವರು ತೀರಿಕೊಂಡರು.

ಡೇಟಾ ರಿಕವರಿ ಅಂಗಡಿಯೊಂದರಲ್ಲಿ 6,000 ರೂಪಾಯಿ ಕೇಳಿದರು, ಅದೂ ಗ್ಯಾರಂಟಿ ಇಲ್ಲದೆ. ಆಫೀಸಿನ ಗೆಳೆಯರು ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ, 'ಇದು ಸತ್ತಿದೆ, ಬಿಡು' ಅಂದರು. ಈಗ ಆ ಡಿಸ್ಕಿನ 4.3 ಜಿಬಿಯಲ್ಲಿ ಹೆಚ್ಚೂಕಡಿಮೆ 1 ಎಂಬಿ ಬಿಟ್ಟು ಉಳಿದದ್ದೆಲ್ಲ ನನ್ನ ಹತ್ತಿರ ಇದೆ.

ಶುರುವಿನಲ್ಲಿ ಮಾಡಿದ್ದೆಲ್ಲ ದಂಡವಾಯಿತು. ಸುಮ್ನೆ ಕಾಪಿ ಮಾಡಲು ಹೋದರೆ ಮೂರನೇ ವಿಒಬಿ (ವಿಡಿಯೊ ಇರುವ) ಫೈಲಿನ ಹತ್ತಿರ ನಿಂತುಬಿಡುತ್ತಿತ್ತು. ಲಿನಕ್ಸಿನ ಕಾಪಿ ಕಮ್ಯಾಂಡ್ ಡಿಡಿಗೆ, ಎರರ್ ಬಂದರೂ ನಿಲ್ಲದೆ ಮುಂದೆ ಹೋಗು ಅನ್ನುವ ನೋಎರರ್, ಸಿಂಕ್ ಕೊಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕಾಲು ಭಾಗವೂ ಆಗಿರಲಿಲ್ಲ, ಡ್ರೈವ್ ಮುಟ್ಟಿದರೆ ಬಿಸಿ. ಆಮೇಲೆ ಡಿಡಿರೆಸ್ಕ್ಯೂಗೆ ಬಂದೆ. ಕೆಟ್ಟ ಡಿಸ್ಕಿನಿಂದ ಓದಲು ಆದಷ್ಟನ್ನು ಒಂದು ಇಮೇಜಿಗೆ, ಅಂದರೆ ಇಡೀ ಡಿಸ್ಕಿನ ನಕಲಿರುವ ಒಂದೇ ಫೈಲಿಗೆ ತುಂಬಿಸುವ ಪ್ರೋಗ್ರಾಂ ಇದು. ಯಾವ ಜಾಗ ಬಂತು, ಯಾವುದು ಬಾಕಿ ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತೆ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಇದರ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ನಾನು ಮೊದಲು ಆ 'ಜಿ' ಇಲ್ಲದ್ದನ್ನು ಹಾಕಿಕೊಂಡಿದ್ದೆ. ಅದು ಬೇರೆಯೇ ಪ್ರೋಗ್ರಾಂ. ಅರ್ಧ ದಿನ ಅದರಲ್ಲೇ ಹೋಯಿತು.

ಮೊದಲ ಸುತ್ತಿಗೆ ಬ್ಲಾಕ್ ಅಳತೆ 2048 (ಡಿವಿಡಿಯ ಒಂದು ಸೆಕ್ಟರ್, ಅಂದರೆ ಡೇಟಾದ ಒಂದು ತುಂಡು, ಇಷ್ಟು ಬೈಟ್) ಮತ್ತು ಮೈನಸ್ ಎನ್. ಓದಲು ಆಗುವುದನ್ನೆಲ್ಲ ಮೊದಲು ಬಾಚಿಕೊಳ್ಳಬೇಕು, ಕೆಟ್ಟ ಜಾಗವನ್ನು ಒಂದೊಂದೇ ಸೆಕ್ಟರ್ ಓದಿ ಕೆರೆಯುವುದು ಆಮೇಲೆ. ಲ್ಯಾಪ್‌ಟಾಪ್ ಡ್ರೈವ್ ಸುಮಾರು 300 ಎಂಬಿ ಬಾಕಿ ಉಳಿಸಿತು. ಡ್ರೈವನ್ನು ನೇರವಾಗಿ ಓದುವ ಮೈನಸ್ ಡಿ ಸೇರಿಸಿ ಮೂರು ಸಲ ಮರುಪ್ರಯತ್ನ ಕೊಟ್ಟೆ. ಹತ್ತೋ ಹನ್ನೆರಡೋ ಎಂಬಿ ಬಂತು, ಅಷ್ಟೇ. ಎಲ್ಲರೂ ಕೈಬಿಡುವುದು ಇಲ್ಲೇ.

ನನಗೆ ಹೊಳೆದಿದ್ದು ಇಷ್ಟು. ಒಂದೊಂದು ಡ್ರೈವಿನ ಕಣ್ಣು ಒಂದೊಂದು ಥರ. ಒಂದಕ್ಕೆ ಕಾಣದ ಸೆಕ್ಟರ್ ಇನ್ನೊಂದಕ್ಕೆ ಕಾಣುತ್ತೆ. ಮ್ಯಾಪ್ ಫೈಲ್ ಇರುವುದರಿಂದ ಅದೇ ಇಮೇಜಿಗೆ ಬೇರೆ ಡ್ರೈವಿನಿಂದ ಬಾಕಿ ಜಾಗ ಮಾತ್ರ ತುಂಬಿಸಬಹುದು, ಅಲ್ವಾ? ಹಳೆಯ ಡೆಸ್ಕ್‌ಟಾಪಿನ ಡ್ರೈವಿಗೆ ಹಾಕಿದೆ. 300 ಇದ್ದದ್ದು 60ಕ್ಕೆ ಇಳಿಯಿತು! ಆ ರಾತ್ರಿ ನಿದ್ದೆ ಬರಲಿಲ್ಲ.

ಆ ಖುಷಿಯಲ್ಲೇ 1,500 ರೂಪಾಯಿ ಕೊಟ್ಟು ಹೊಸ ಯುಎಸ್‌ಬಿ ಡಿವಿಡಿ ಡ್ರೈವ್ ತಂದೆ. ಅದು ದುಡ್ಡು ನೀರಿಗೆ ಹಾಕಿದ ಹಾಗಾಯಿತು. ಗೀರು ಬಂದ ಕೂಡಲೇ ಹ್ಯಾಂಗ್ ಆಗುತ್ತಿತ್ತು. ಹ್ಯಾಂಗ್ ಆದ ಮೇಲೆ ಕೇಳಿದ್ದಕ್ಕೆಲ್ಲ ಎರರ್. ಇನ್ನೂ ಮುಟ್ಟದ ಜಾಗವೂ ಕೆಟ್ಟದ್ದು ಅಂತ ಮ್ಯಾಪಿನಲ್ಲಿ ಬರೆದುಹೋಯಿತು. ಅಂದಿನಿಂದ ಪ್ರತಿ ಓಟಕ್ಕೂ ಮೊದಲು ಮ್ಯಾಪ್ ಫೈಲಿನ ಒಂದು ಕಾಪಿ ಪಕ್ಕಕ್ಕೆ ಇಡುತ್ತೇನೆ. ನೀವೂ ಇಡಿ.

ಕೆಲಸ ಮುಗಿಸಿಕೊಟ್ಟಿದ್ದು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ 350 ರೂಪಾಯಿಗೆ ಸಿಕ್ಕ ಹಳೆಯ ಸಾಟಾ (ಕಂಪ್ಯೂಟರಿನ ಒಳಗೆ ಕೂರಿಸುವ) ಡ್ರೈವ್. ವೇಗವನ್ನು ಇಜೆಕ್ಟ್ ಕಮ್ಯಾಂಡಿನ ಮೈನಸ್ ಎಕ್ಸ್‌ನಿಂದ 4ಕ್ಕೆ ಇಳಿಸಿದೆ. ಗಡಗಡ ಶಬ್ದ ನಿಂತಿತು. ಒಂದು ಸಲಕ್ಕೆ ಓದುವ ಸೆಕ್ಟರ್ ಲೆಕ್ಕ, ಅಂದರೆ ಕ್ಲಸ್ಟರ್, 16 ಇಟ್ಟೆ. ಡಿವಿಡಿಯಲ್ಲಿ ತಪ್ಪು ತಿದ್ದುವ ಲೆಕ್ಕ 16 ಸೆಕ್ಟರಿಗೆ, ಅಂದರೆ 32 ಕೆಬಿಗೆ ಒಂದರಂತೆ ನಡೆಯುತ್ತೆ. ಹೋದರೆ ಅಷ್ಟೂ ಒಟ್ಟಿಗೆ ಹೋಗುತ್ತೆ. ಆಮೇಲೆ ಮೈನಸ್ ದೊಡ್ಡ ಆರ್ ಕೊಟ್ಟು ಹಿಂದಿನಿಂದ ಓದಿಸಿದೆ. ಗೀರಿನ ಆ ಕಡೆಯ ಅಂಚಿನಿಂದ ಬಂದಾಗ ಎಷ್ಟೋ ಸೆಕ್ಟರ್ ಸಿಕ್ಕವು. 60 ಇದ್ದದ್ದು 9, ಮತ್ತೆ 4, ಕೊನೆಗೆ 1ರ ಆಸುಪಾಸು. ಕೊನೆಯ ಮೂರು ಎಂಬಿ ಬಂದಿದ್ದು ಡಿಸ್ಕನ್ನು ಟ್ರೇಯಲ್ಲಿ ಕೂರಿಸುವ ಒಂದು ರೀತಿಯಿಂದ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೂ ನಾಲ್ಕಾರು ಡಿಸ್ಕಿನ ಮೇಲೆ ನೋಡಬೇಕು.

ನಡುವೆ ಟೂತ್‌ಪೇಸ್ಟ್ ಪ್ರಯೋಗವೂ ಆಯಿತು. ಮದುವೆ ಡಿಸ್ಕಿನ ಮೇಲಲ್ಲ, ಬೇಡದ ಎರಡು ಡಿಸ್ಕಿನ ಮೇಲೆ. ಒಂದು ಸ್ವಲ್ಪ ಸುಧಾರಿಸಿತು, ಇನ್ನೊಂದು ಮಂಜು ಕವಿದ ಹಾಗಾಗಿ ಪೂರ್ತಿ ಹೋಯಿತು. ನನ್ನ ಮಟ್ಟಿಗೆ ಹದ ಬಿಸಿ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ ಸಾಕು. ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತಲೂ ಒರೆಸಿದರೆ ಹೊಸ ಗೀರು ಟ್ರ್ಯಾಕಿನ ಉದ್ದಕ್ಕೂ ಬೀಳುತ್ತೆ, ಅದು ಅಡ್ಡ ಗೀರಿಗಿಂತ ಜಾಸ್ತಿ ಕೆಟ್ಟದ್ದು.

ಹೋದ 1 ಎಂಬಿ ಎಲ್ಲಿದೆ ಅಂತ ತಿಳಿಯಲು ಡಿಡಿರೆಸ್ಕ್ಯೂನ ಫಿಲ್ ಮೋಡ್‌ನಿಂದ ಇಮೇಜಿನ ಇನ್ನೊಂದು ಕಾಪಿಯಲ್ಲಿ ಕೆಟ್ಟ ಜಾಗಕ್ಕೆ ಒಂದು ಗುರುತಿನ ಪದ ತುಂಬಿಸಿದೆ. ಅದನ್ನು ಮೌಂಟ್ ಮಾಡಿ (ಡಿಸ್ಕಿನ ಹಾಗೆ ತೆರೆದು) ಪದ ಹುಡುಕುವ ಗ್ರೆಪ್ ಹಾಕಿದರೆ ಯಾವ ವಿಒಬಿ ಅಂತ ಸಿಗುತ್ತೆ. ಯಾವ ವಿಡಿಯೊ ಎಲ್ಲಿದೆ ಅಂತ ಪ್ಲೇಯರಿಗೆ ಹೇಳುವ ಒಂದು ಐಎಫ್‌ಒ ಫೈಲ್ ಕೂಡ ಕೆಟ್ಟಿತ್ತು. ಡಿಸ್ಕಿನಲ್ಲೇ ಇರುವ ಅದರ ನಕಲು ಬಿಯುಪಿ ಚೆನ್ನಾಗಿತ್ತು, ಹೆಸರು ಬದಲಿಸಿ ಹಾಕಿದೆ. ಇದು ಮನೆಯ ರೆಕಾರ್ಡಿಂಗ್, ಕಾಪಿ ತಡೆಯುವ ಬೀಗ ಗೀಗ ಏನೂ ಇಲ್ಲ. ಹಾಗಾಗಿ ಮುಂದಿನದು ಸಲೀಸು. ನೋಡುವಾಗ ಅಲ್ಲಲ್ಲಿ ಅರ್ಧ ಸೆಕೆಂಡು ಹಸಿರು ಚೌಕಗಳು ಬರುತ್ತವೆ, ಅಷ್ಟೇ.

ಚೆನ್ನಾಗಿದ್ದ ಮೂರು ಡಿಸ್ಕಿಗೂ ಈಗ ಇಮೇಜ್ ತೆಗೆದು ಡಿವಿಡಿಸಾಸ್ಟರ್ ಎಂಬ ಪ್ರೋಗ್ರಾಂನಿಂದ ಇಸಿಸಿ (ಮುಂದೆ ಕೆಟ್ಟರೆ ತಿದ್ದಿಕೊಳ್ಳುವ) ಫೈಲ್ ಮಾಡಿಟ್ಟಿದ್ದೇನೆ. ಒಂದಕ್ಕೆ ಸುಮಾರು 600 ಎಂಬಿ ಜಾಗ ಹಿಡಿಯುತ್ತೆ, ಹಿಡಿಯಲಿ. ಎಲ್ಲದರ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡುವ ಸಂಖ್ಯೆ) ಜೊತೆಗೆ ಎರಡು ಹಾರ್ಡ್ ಡಿಸ್ಕಿನಲ್ಲಿ ಕಾಪಿ ಇದೆ. ಒಂದು ಅಕ್ಕನ ಮನೆಯಲ್ಲಿ.

ಒಟ್ಟು ಖರ್ಚು ಹತ್ತಿರ ಹತ್ತಿರ 1,900, ಅದರಲ್ಲಿ 1,500 ಆ ಯುಎಸ್‌ಬಿ ಡ್ರೈವಿನದ್ದೇ. ದಿನ ಹನ್ನೊಂದು. ಮೊನ್ನೆ ಭಾನುವಾರ ಅಮ್ಮನಿಗೆ ಟಿವಿಯಲ್ಲಿ ಹಾಕಿ ತೋರಿಸಿದೆ. ತಾತ ಶಲ್ಯ ಸರಿ ಮಾಡಿಕೊಂಡು ಕ್ಯಾಮೆರಾದವನ ಕಡೆ ತಿರುಗಿ 'ನಿನ್ನ ಊಟ ಆಯ್ತೇನಪ್ಪಾ?' ಅನ್ನುತ್ತಾರೆ. ಅಮ್ಮ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದರು.