ಸ್ಟಾರ್ಟರ್ ಪೆಟ್ಟಿಗೆಯ ಬೀಗ

ಹದಿನೆಂಟು ವರ್ಷ ವಕೀಲಿಕೆ ಮಾಡಿದ ಮೇಲೆ ಮೀಡಿಯೇಟರ್ ಆಗೋಣ ಅನಿಸಿತು. ಅದಕ್ಕೆ 40 ಗಂಟೆಯ ತರಬೇತಿ. ಇಬ್ಬರನ್ನು ಕೂರಿಸಿ ಮಾತಾಡಿಸೋದು ತಾನೆ, ಇದಕ್ಕೆ ಅಷ್ಟು ಗಂಟೆ ಯಾಕೆ ಅಂದುಕೊಂಡೇ ಹೋದೆ.

ಎರಡನೇ ದಿನ ಒಂದು ಅಣಕು ಕೇಸ್. ಇಬ್ಬರು ವಕೀಲರು ಮನೆ ಮಾಲೀಕ, ಬಾಡಿಗೆದಾರ ಆದರು. ನಾನು ಮೀಡಿಯೇಟರ್. ಐದು ನಿಮಿಷವೂ ಆಗಿರಲಿಲ್ಲ, "ನೋಡಿ, ನಿಮ್ಮ ಕೇಸ್ ನಿಲ್ಲಲ್ಲ" ಅಂದುಬಿಟ್ಟೆ. ತರಬೇತುದಾರರು ಕೈ ಎತ್ತಿದರು. "ಮೇಡಂ, ಅವರು ನಿಮ್ಮನ್ನ ಕೇಳಿದ್ರಾ?" ಎಲ್ಲರೂ ನಕ್ಕರು. ನನಗೆ ಮುಖ ಬಿಸಿಯಾಯಿತು. ಸುಮ್ನಿರೋದನ್ನ ಕಲಿಯಲು ಉಳಿದ ಅಷ್ಟೂ ಗಂಟೆ ಬೇಕಾಯಿತು.

ನಮ್ಮಲ್ಲಿ ಇನ್ನೊಂದು ಗೋಜಲು. ಮೀಡಿಯೇಷನ್‌ಗೂ ಮಧ್ಯಸ್ಥಿಕೆ ಅಂತೀವಿ, ಆರ್ಬಿಟ್ರೇಷನ್‌ಗೂ ಅದನ್ನೇ ಬರೀತೀವಿ. ಎರಡೂ ಬೇರೆ. ಆರ್ಬಿಟ್ರೇಟರ್ ಸಾಕ್ಷಿ ಕೇಳಿ ತೀರ್ಪು ಕೊಡ್ತಾರೆ. 1996ರ ಆರ್ಬಿಟ್ರೇಷನ್ ಕಾಯ್ದೆಯ 34ನೇ ಕಲಂ ಅಡಿ ಅದನ್ನು ಪ್ರಶ್ನಿಸಬಹುದು, ಆದರೆ 'ತೀರ್ಪು ತಪ್ಪು' ಅಂದರಷ್ಟೇ ಸಾಲದು. ಕಾಂಟ್ರ್ಯಾಕ್ಟ್ ಜಗಳಕ್ಕೆ ಸರಿ, ಫೀಸ್ ಮಾತ್ರ ಹಗುರವಲ್ಲ. ಮೀಡಿಯೇಟರ್‌ಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಒಪ್ಪಿಗೆಯಾಗದಿದ್ದರೆ ಕೇಸ್ ವಾಪಸ್ ಕೋರ್ಟಿಗೆ ಹೋಗುತ್ತೆ. ಮೀಡಿಯೇಷನ್‌ನಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಎತ್ತುವ ಹಾಗಿಲ್ಲ.

ಹಾಗಾಗಿ ಮುಂದಿನ ಕೇಸಿನ ವಿವರಗಳನ್ನು ಬದಲಾಯಿಸಿದ್ದೇನೆ.

ಅಣ್ಣ ತಮ್ಮ, ಪಾಲಿನ ದಾವೆ. ಸಿವಿಲ್ ಪ್ರೊಸೀಜರ್ ಕೋಡ್‌ನ 89ನೇ ಕಲಂ ಅಡಿ ಜಡ್ಜ್ ನಮ್ಮ ಹತ್ತಿರ ಕಳಿಸಿದ್ದರು. ಅಣ್ಣನ ಕೈಯಲ್ಲಿ ಪಹಣಿಗಳಿಂದ ಉಬ್ಬಿದ ಪ್ಲಾಸ್ಟಿಕ್ ಕವರ್. ತಮ್ಮ ಕಿಟಕಿ ಕಡೆ ತಿರುಗಿ ಕೂತ. ಜಂಟಿಯಾಗಿ ಕೂತಷ್ಟು ಹೊತ್ತೂ ಎಕರೆ, ಗುಂಟೆ, ಸರ್ವೆ ನಂಬರ್ ಬಿಟ್ಟರೆ ಬೇರೆ ಮಾತಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಕರೆದೆ. "ಮನೆಯಲ್ಲಿ ಜಗಳ ಶುರುವಾಗಿದ್ದು ಯಾವತ್ತು?" ಅಂತಷ್ಟೇ ತಮ್ಮನನ್ನು ಕೇಳಿದೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಹಳೇ ನಾನಾಗಿದ್ದರೆ ಅಷ್ಟರಲ್ಲಿ ಇನ್ನೆರಡು ಪ್ರಶ್ನೆ ಹಾಕಿರುತ್ತಿದ್ದೆ. ಕೊನೆಗೆ ಬಾಯಿಬಿಟ್ಟ. "ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕ್ದ ದಿನ, ಮೇಡಂ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂತು. ಹೋಗಿ ನೋಡಿದ್ರೆ ಬೀಗ. ರೇಷ್ಮೆ ಹುಳಕ್ಕೆ ಸೊಪ್ಪಿಲ್ದೆ ಆ ಬೆಳೆನೇ ಹೋಯ್ತು."

ಅಣ್ಣನನ್ನು ಕೇಳಿದರೆ ಬೇರೆಯೇ ಕತೆ. ಮೋಟಾರ್ ಎರಡು ಸಲ ಸುಟ್ಟಿತ್ತು. ರಿವೈಂಡಿಂಗ್ ದುಡ್ಡು ಪೂರ್ತಿ ಇವನೇ ಕೊಟ್ಟಿದ್ದ. "ಅವ್ನು ಒಂದ್ ಮಾತೂ ಕೇಳ್ಲಿಲ್ಲ." ಬೀಗ ಹಾಕಿದ್ದು ಆ ಸಿಟ್ಟಿಗೆ. ದಾವೆ ಅರ್ಜಿಯಲ್ಲಿ ಬೋರ್‌ವೆಲ್ ಬಗ್ಗೆ ಇದ್ದದ್ದು ಒಂದೇ ಒಂದು ಸಾಲು. ನಾನೇ ವಕೀಲೆ ಆಗಿದ್ದರೂ ಅಷ್ಟೇ ಬರೀತಿದ್ದೆ ಅನ್ನಿ.

ಅವರವರ ಅನುಮತಿ ಕೇಳಿಯೇ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿಸಿದೆ. ನಾಲ್ಕನೇ ಸಲ ಕೂತಾಗ ದಿನ ಬಿಟ್ಟು ದಿನ ನೀರು, ರಿಪೇರಿ ಖರ್ಚು ಅರ್ಧರ್ಧ ಅಂತ ತಾವೇ ಮಾತಾಡಿಕೊಂಡರು. ಪಾಲು ಒಂದೇ ಗಂಟೆಯಲ್ಲಿ ಮುಗಿಯಿತು. ಏಳಬೇಕು ಅನ್ನುವಾಗ ತಮ್ಮ ಮೊದಲ ಸಲ ಅಣ್ಣನ ಕಡೆ ತಿರುಗಿದ. "ಬೀಗಕ್ಕೆ ಎರಡು ಕೀ ಬರುತ್ತಲ್ವಾ?"

ರಾಜಿ ಅರ್ಜಿ ಟೈಪ್ ಮಾಡುವಾಗ ಹುಡುಗ ಕೇಳಿದ, "ಮೇಡಂ, ಕೀ ವಿಷಯಾನೂ ಹಾಕ್ಬೇಕಾ?"

"ಮೊದಲನೇ ಷರತ್ತಾಗಿ ಹಾಕಪ್ಪ" ಅಂದೆ.